ಬಾವಿಯ ರಾಟೆಗೂ ಒಂದು ತೆನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿಯ ನಮ್ಮ ಮನೆಯಲ್ಲಿ ಹೊಸ ಬೆಳೆಯನ್ನು ಮನೆತುಂಬಿಸುವ ತೆನೆ ಹಬ್ಬದ ಬೆಳಗ್ಗೆ ‘ಪೊಲಿ ಪೊಲಿ’, ಅಂದರೆ ತುಳುವಿನಲ್ಲಿ ‘ಸಮೃದ್ಧಿಯಾಗಲಿ’, ಎನ್ನುತ್ತ ಗದ್ದೆಯಿಂದ ಭತ್ತದ ತೆನೆ ತರುತ್ತಿದ್ದೆವು. ಅಮ್ಮ ಅದನ್ನು ಮಾವಿನ ಎಲೆ, ಹಲಸಿನ ಎಲೆಯೊಳಗೆ ಇಟ್ಟು ನಾರಿನಿಂದ ಬಿಗಿಯುತ್ತಿದ್ದಳು. ಮೊದಲ ಕಟ್ಟು ದೇವರ ಕೋಣೆಗೆ. ಆಮೇಲೆ ಬಾಗಿಲಿಗೆ, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಗೆ, ಕಡೆಯುವ ಕಲ್ಲಿಗೆ, ತೆಂಗಿನ ಮರಕ್ಕೆ. ಕೊನೆಯದು ಬಾವಿಯ ರಾಟೆಗೆ. ವರ್ಷವಿಡೀ ಕಿರುಗುಟ್ಟುತ್ತದೆ ಎಂದು ನಾವು ಬೈಯುತ್ತಿದ್ದ ಅದೇ ರಾಟೆಗೆ.

ಕೃತಜ್ಞ ಎಂಬ ಪದವನ್ನು ಬಿಡಿಸಿದರೆ ‘ಮಾಡಿದ್ದನ್ನು ಅರಿತವನು’ ಎಂದಾಗುತ್ತದೆ. ಅಮ್ಮ ರಾಟೆಗೆ ಧನ್ಯವಾದ ಹೇಳಲಿಲ್ಲ. ಅದು ಏನು ಮಾಡಿಕೊಟ್ಟಿದೆ ಎಂಬುದು ಅವಳಿಗೆ ಗೊತ್ತಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ವಾರಕ್ಕೊಮ್ಮೆ, ತಾವು ಋಣಿಯಾಗಿರುವ ಸಂಗತಿಗಳನ್ನು, ಹೆಚ್ಚೆಂದರೆ 5, ಬರೆದಿಟ್ಟರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಮೊದಲಿನವರಿಗೆ ಬದುಕಿನ ಬಗ್ಗೆ ಸಮಾಧಾನ ಹೆಚ್ಚು, ದೇಹದ ನೋವುನರಳಾಟದ ದೂರು ಕಡಿಮೆ. ಮುಂದಿನ ಸಂಶೋಧನೆಗಳಲ್ಲಿ ಈ ಲಾಭ ಸಣ್ಣದೆಂದು ಕಂಡಿದೆ. ಸಣ್ಣದಾದರೂ ಇದೆಯಲ್ಲ, ನನಗೆ ಅಷ್ಟು ಸಾಕು. 2002ರಲ್ಲಿ ಇವರು ಸಹೋದ್ಯೋಗಿಯೊಂದಿಗೆ ರೂಪಿಸಿದ, ಕೃತಜ್ಞತೆಯನ್ನು ಅಳೆಯುವ 6 ವಾಕ್ಯಗಳ ಪ್ರಶ್ನಾವಳಿಯೂ ಇದೆ. ದೈವಭಕ್ತರಲ್ಲಿ, ಹೊಂದಿಕೊಂಡು ಹೋಗುವವರಲ್ಲಿ ಕೃತಜ್ಞತೆ ಹೆಚ್ಚೆಂದೂ, ಸದಾ ಕಳವಳಪಡುವವರಲ್ಲಿ ಕಡಿಮೆಯೆಂದೂ ಅದರಿಂದ ತಿಳಿಯಿತು.

ನಾನು ಕಳವಳದ ಸ್ವಭಾವದವನು. ನಂಬಿಕೆ ನನಗೆ ಕೊಟ್ಟದ್ದು ಒಂದು ದಿನ ಮತ್ತು ಒಂದು ಕೆಲಸ. ಮನಸ್ಸು ಒಪ್ಪಲಿ ಬಿಡಲಿ, ಆ ದಿನ ಕೈ ತೆನೆ ಕಟ್ಟಲೇಬೇಕು. ಸೆಪ್ಟೆಂಬರ್ 8ರಂದು, ಮರಿಯ ಮಾತೆಯ ಜನ್ಮದಿನವಾದ ಮೊಂತಿ ಹಬ್ಬದಲ್ಲಿ, ಮಂಗಳೂರಿನ ಇಗರ್ಜಿಗಳಲ್ಲೂ ಹಾಗೆಯೇ: ಮಕ್ಕಳು ಮರಿಯ ಮಾತೆಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಹೊಸ ಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತಾರೆ.

ಒಂದು ಮಾತು ಮಾತ್ರ ಹೇಳಲೇಬೇಕು. ದುಃಖದಲ್ಲಿರುವವರ ಮುಂದೆ ನಿಂತು ‘ಇರುವುದನ್ನು ನೆನೆದು ಸಮಾಧಾನಪಟ್ಟುಕೊಳ್ಳಿ’ ಎನ್ನಬೇಡಿ. ಅಮ್ಮ ತೀರಿಕೊಂಡಾಗ ನನಗೂ ಹಾಗೆ ಹೇಳಿದವರಿದ್ದರು. ಅದು ಬಹಳ ನೋಯಿಸಿತು.

ಸೂತಕದ ವರ್ಷ ಕಳೆದು ತೆನೆ ಹಬ್ಬ ಬಂತು. ನೆರೆಮನೆಯವರು ತಾವಾಗಿಯೇ ತಮ್ಮ ಗದ್ದೆಯ ತೆನೆ ತಂದು ಜಗಲಿಯ ಮೇಲೆ ಇಟ್ಟುಹೋದರು. ನಾರು ಬಿಗಿಯಲು ನನಗೆ ಸರಿಯಾಗಿ ಬರಲಿಲ್ಲ, ಎರಡು ಬಾರಿ ಬಿಚ್ಚಿಕೊಂಡಿತು. ಬಾವಿಗೆ ಪಂಪು ಬಂದು ವರ್ಷಗಳಾಗಿವೆ. ಆದರೂ ರಾಟೆಯನ್ನು ಅಮ್ಮ ಎಸೆಯಗೊಟ್ಟಿರಲಿಲ್ಲ. ಕೊಟ್ಟಿಗೆಯಿಂದ ಅದನ್ನು ಹೊರತೆಗೆದು, ಒರೆಸಿ, ಕೊನೆಯ ಕಟ್ಟನ್ನು ಅದಕ್ಕೇ ಕಟ್ಟಿದೆ.

ನಮಸ್ಕಾರ.