ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೂವರೆ, ಎರಡು ವರ್ಷದ ಮಗುವಿನ ಕೈ ಹಿಡಿದು ನಡೆದವರಿಗೆ ಇದು ಗೊತ್ತಿರುತ್ತದೆ. ನಾವು ಹೊರಟಿದ್ದು ರಸ್ತೆ ತುದಿಯ ಉದ್ಯಾನಕ್ಕೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಗು ನಿಲ್ಲುತ್ತದೆ. ಒಂದು ಕಲ್ಲು ಹೆಕ್ಕುತ್ತದೆ. ತಿರುಗಿಸಿ ನೋಡಿ, ಇನ್ನೊಂದು ಕೈಗೆ ದಾಟಿಸಿ, ನಮ್ಮ ಕೈಗೆ ಕೊಟ್ಟು, ಮತ್ತೆ ಕಿತ್ತುಕೊಳ್ಳುತ್ತದೆ. ಆಮೇಲೆ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಹುಲ್ಲು ಕಾಣುತ್ತದೆ. ಆಮೇಲೆ ಇರುವೆ. ಅಲ್ಲಿಗೆ ನಡಿಗೆ ಮುಗಿಯಿತು, ಮಗು ಕುಕ್ಕರಗಾಲಲ್ಲಿ ಕೂತೇಬಿಡುತ್ತದೆ. ನಾವು "ಬಾ ಬಾ, ಹೊತ್ತಾಯ್ತು" ಅಂತ ಕೈ ಎಳೆಯುತ್ತೇವೆ.

ಆ ಕೈ ಎಳೆಯುವುದನ್ನು ಸ್ವಲ್ಪ ಬಿಡೋಣ ಅಂತ ಕೇಳಿಕೊಳ್ಳಲು ಇವತ್ತು ಬಂದಿದ್ದೇನೆ. ನಾನು ಪುಟ್ಟ ಮಕ್ಕಳ ನಡುವೆ ಕೆಲಸ ಮಾಡುವವಳು. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಹೊರಗಿನ ಲೋಕ ಒಂದು ಪಾಠ, ಪುಸ್ತಕ ಇನ್ನೊಂದು ಪಾಠ ಅಂತ ಇಲ್ಲ. ಬೆಳಿಗ್ಗೆ ನೆಲದ ಮೇಲೆ ಕಂಡ ಇರುವೆ ರಾತ್ರಿ ಪುಸ್ತಕದಲ್ಲಿ ಸಿಗಬೇಕು. ಪುಸ್ತಕದಲ್ಲಿ ಕಂಡ ಬಸವನಹುಳು ಮಳೆ ನಿಂತ ಮೇಲೆ ಗೋಡೆಯ ಬುಡದಲ್ಲಿ ಸಿಗಬೇಕು. ಈ ಹೋಗಿಬರುವುದರಲ್ಲೇ ಮಗು ಕಲಿಯುತ್ತದೆ ಅನ್ನುವುದು ನನ್ನ ನಂಬಿಕೆ.

ಇರುವೆಯಿಂದಲೇ ಶುರು ಮಾಡುತ್ತೇನೆ. ಮಗುವಿನ ಪಕ್ಕ ನೀವೂ ಕೂತುಕೊಳ್ಳಿ. ನಿಂತು ಬಗ್ಗಿ ನೋಡಿದರೆ ಇರುವೆ ಬರೀ ಕಪ್ಪು ಚುಕ್ಕಿ. ಕೂತು ನೋಡಿದರೆ ಅದಕ್ಕೆ ತಲೆ ಇದೆ, ನಡು ಇದೆ, ಎರಡು ಮೀಸೆ ಇದೆ. ಎದುರು ಬದುರು ಬಂದ ಎರಡು ಇರುವೆಗಳು ಒಂದು ಕ್ಷಣ ನಿಂತು ಮೀಸೆಗೆ ಮೀಸೆ ತಾಗಿಸಿ ಮುಂದೆ ಹೋಗುತ್ತವೆ. ಈಗ ಸಾಲಿಗೆ ಅಡ್ಡವಾಗಿ ಒಂದು ಒಣ ಎಲೆ ಇಡಿ. ಮುಂದಿನ ಇರುವೆ ಗಕ್ಕನೆ ನಿಲ್ಲುತ್ತದೆ. ಆಚೆ ಈಚೆ ಹುಡುಕುತ್ತದೆ. ಹಿಂದಿನವೂ ಬಂದು ಗುಂಪುಗೂಡುತ್ತವೆ. ಇರುವೆಗಳು ನೆಲದ ಮೇಲೆ ವಾಸನೆಯ ಗೆರೆ ಎಳೆದುಕೊಂಡು ಅದರ ಜಾಡಿನಲ್ಲೇ ನಡೆಯುತ್ತವೆ, ಎಲೆ ಆ ಗೆರೆಯನ್ನು ಮುಚ್ಚಿಬಿಟ್ಟಿದೆ. ಸ್ವಲ್ಪ ಹೊತ್ತಿಗೆ ಒಂದು ಇರುವೆ ಎಲೆ ಹತ್ತಿ ಆಚೆ ಇಳಿಯುತ್ತದೆ, ಇಲ್ಲವೇ ಸುತ್ತು ಬಳಸಿ ಗೆರೆ ಕಂಡುಕೊಳ್ಳುತ್ತದೆ. ಮಗು ಉಸಿರು ಬಿಗಿಹಿಡಿದು ನೋಡುತ್ತಿರುತ್ತದೆ.

ವಾಸನೆಯ ಗೆರೆ ನಿಮಗೆ ಗೊತ್ತಿದ್ದರೆ ಸಾಕು, ಎರಡು ವರ್ಷದ ಮಗುವಿಗೆ ಅದನ್ನು ವಿವರಿಸಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಈಗ ಕಣ್ಣೆದುರು ನಡೆಯುತ್ತಿರುವುದಕ್ಕೆ ಮಾತು. "ಇರುವೆ ಹತ್ತಿತು. ಇಳೀತು. ಅಯ್ಯೋ, ತಿರುಗಿ ಬಂತು!" ಇಷ್ಟೇ. ಈ ವಯಸ್ಸಿನ ಮಕ್ಕಳ ಮಾತಿನ ಬಗ್ಗೆ ನಡೆದ ಸಂಶೋಧನೆಯಲ್ಲಿ ನನಗೆ ತುಂಬ ಬೆಲೆಯುಳ್ಳದ್ದು ಅನ್ನಿಸುವ ವಿಷಯ ಒಂದಿದೆ. ಮಗು ಆಗಲೇ ನೋಡುತ್ತಿರುವ ವಸ್ತುವಿನ ಹೆಸರನ್ನು ನಾವು ಹೇಳಿದರೆ ಆ ಪದ ಬೇಗ ನಿಲ್ಲುತ್ತದೆ. ಮಗುವಿನ ಗಮನವನ್ನು ಬೇರೆಡೆಗೆ ಎಳೆದು "ಇಲ್ಲಿ ನೋಡು, ಇದು ಗುಲಾಬಿ" ಅಂದರೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಅಂದರೆ ಮಗು ಇರುವೆ ನೋಡುವಾಗ ಆಕಾಶದ ಹಕ್ಕಿ ತೋರಿಸುವ ಅವಸರ ಬೇಡ. ಹಕ್ಕಿ ನಾಳೆಯೂ ಬರುತ್ತದೆ.

ಆಟದ ಸಾಮಾನು ಏನು ಬೇಕು ಅಂತ ತಾಯಂದಿರು, ಅಜ್ಜ ಅಜ್ಜಿಯರು ನನ್ನನ್ನು ಕೇಳುತ್ತಾರೆ. ಒಂದು ಲೋಟ, ಸ್ವಲ್ಪ ನೀರು, ಸ್ವಲ್ಪ ಮಣ್ಣು. ಸುರಿಯುವುದು, ತುಂಬುವುದು, ಮತ್ತೆ ಸುರಿಯುವುದು. ಒಣಮಣ್ಣು ಬೆರಳ ಸಂದಿಯಿಂದ ಜಾರುತ್ತದೆ, ಒದ್ದೆಮಣ್ಣು ಅಂಟಿಕೊಳ್ಳುತ್ತದೆ, ನೀರು ಹೆಚ್ಚಾದರೆ ಕೆಸರಾಗಿ ಹರಿಯುತ್ತದೆ. ಇದನ್ನು ಮಗು ಕೈಯಿಂದ ತಿಳಿದುಕೊಳ್ಳುತ್ತದೆ. ಬಿದ್ದ ಎಲೆಗಳನ್ನು ಹೆಕ್ಕಿ ದೊಡ್ಡದರ ಮೇಲೆ ಚಿಕ್ಕದನ್ನು ಇಡುವುದು, ತರಗೆಲೆ ತುಳಿದು ಚರಚರ ಅನ್ನಿಸುವುದು, ಬೆಳಗಿನ ಬಿಸಿಲಲ್ಲಿ ತನ್ನ ಉದ್ದನೆಯ ನೆರಳನ್ನು ತುಳಿಯಲು ಓಡುವುದು. ಅದೇ ನೆರಳು ಮಧ್ಯಾಹ್ನ ಕಾಲಬುಡಕ್ಕೆ ಬಂದು ಕೂತಾಗ ಮಗುವಿನ ಮುಖ ನೋಡಬೇಕು! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಒಂದು ವರ್ಷದ ಮಗುವಿಗೆ ಟಿವಿ, ಫೋನಿನ ಪರದೆ ಬೇಡವೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಕೂತಿರುವ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದಕ್ಕೂ ಅದೇ ಮಾರ್ಗಸೂಚಿಯಲ್ಲಿ ಉತ್ತರವಿದೆ: ದೊಡ್ಡವರ ಜೊತೆ ಓದುವುದು, ಕಥೆ ಕೇಳುವುದು.

ಓದಿಗೆ ಬರುವ ಮೊದಲು ಎರೆಹುಳುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಳೆ ಬಂದು ನಿಂತ ಮೇಲೆ ಅದು ಹೊರಗೆ ಬರುತ್ತದೆ. ಮಗುವಿನ ಅಂಗೈಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿ, ಆಮೇಲೆ ಹುಳುವನ್ನು ಇಡಿ. ಎರೆಹುಳು ಉಸಿರಾಡುವುದು ಚರ್ಮದಿಂದ, ಒಣಗಿದರೆ ಅದಕ್ಕೆ ಉಸಿರಿಲ್ಲ. ಅಂಗೈ ಮೇಲೆ ಅದು ಒಮ್ಮೆ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ, ಮತ್ತೆ ಮುದುರಿ ದಪ್ಪಗಾಗುತ್ತದೆ. ಮಗು ಕೇಳುತ್ತದೆ, ಕಣ್ಣೆಲ್ಲಿ? ಕಣ್ಣಿಲ್ಲ. ಕಿವಿ? ಅದೂ ಇಲ್ಲ. ಹಾಗಾದರೆ ನಾವು ಕೂಗಿದರೆ ಕೇಳಿಸುತ್ತದಾ?

ಮೂರು ವರ್ಷದ ಮಗು ಕೇಳುವ ಈ ಪ್ರಶ್ನೆಯನ್ನು ಚಾರ್ಲ್ಸ್ ಡಾರ್ವಿನ್ ತನ್ನ ಮುಪ್ಪಿನಲ್ಲಿ ಕೇಳಿಕೊಂಡಿದ್ದ. ಕುಂಡದಲ್ಲಿ ಎರೆಹುಳುಗಳನ್ನು ಸಾಕಿ, ಅವುಗಳ ಹತ್ತಿರ ಸೀಟಿ ಊದಿಸಿದ, ಬಸೂನ್ ಅನ್ನುವ ದಪ್ಪ ದನಿಯ ವಾದ್ಯ ನುಡಿಸಿದ, ಕೂಗಿ ನೋಡಿದ. ಹುಳುಗಳು ಅಲುಗಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಮಣ್ಣಿನ ಬಿಲಕ್ಕೆ ಇಳಿದುಬಿಟ್ಟವು. ಗಾಳಿಯ ಸದ್ದು ಅವುಗಳಿಗೆ ಮುಟ್ಟುವುದಿಲ್ಲ, ನೆಲದ ಅದುರು ಮುಟ್ಟುತ್ತದೆ. ಇದನ್ನು ಆತ ಪ್ರಕಟಿಸಿದ್ದು 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ನಿಮ್ಮ ಮನೆಯಲ್ಲಿ ಪಿಯಾನೋ ಬೇಡ. ಒಂದು ಕುಂಡ, ಒಂದು ಹುಳು, ಕುಂಡದ ಪಕ್ಕ ಬೆರಳಿನಿಂದ ಮೆಲ್ಲಗೆ ತಟ್ಟುವ ಒಂದು ಮಗು ಇದ್ದರೆ ಸಾಕು. ನೋಡಿದ ಮೇಲೆ ಹುಳುವನ್ನು ಅದು ಸಿಕ್ಕಿದ ಜಾಗದಲ್ಲೇ ಬಿಟ್ಟು ಬರುವುದೂ ಆಟದ ಭಾಗವೇ ಆಗಲಿ. "ಅದರ ಮನೆಗೆ ಬಿಟ್ಟು ಬರೋಣ" ಅಂದರೆ ಮಕ್ಕಳು ತಕರಾರಿಲ್ಲದೆ ಎದ್ದು ಹೊರಡುತ್ತಾರೆ.

ಈಗ ಪುಸ್ತಕ. ಒಂಬತ್ತು ತಿಂಗಳ ಕೂಸಿನ ಮುಂದೆ ವಸ್ತುಗಳ ಚಿತ್ರ ಇಟ್ಟರೆ, ಅದು ಚಿತ್ರದ ಮೇಲೆ ಬೆರಳಾಡಿಸಿ ವಸ್ತುವನ್ನು ಹಾಳೆಯಿಂದ ಎತ್ತಿಕೊಳ್ಳಲು ನೋಡುತ್ತದೆ. ಹತ್ತೊಂಬತ್ತು ತಿಂಗಳ ಹೊತ್ತಿಗೆ ಎತ್ತುವುದು ನಿಂತು, ಬೆರಳು ತೋರಿಸುವುದು ಶುರುವಾಗಿರುತ್ತದೆ. ಇದು ಹಿಡಿಯುವ ವಸ್ತುವಲ್ಲ, ಎಲ್ಲೋ ಇರುವ ವಸ್ತುವಿನ ಗುರುತು ಅಂತ ಮಗುವಿಗೆ ತಿಳಿದಿದೆ! ನಾವು ಯಾರೂ ಕಲಿಸದೆ ಇಷ್ಟು ದೊಡ್ಡ ವಿಷಯವನ್ನು ಅದು ಕಂಡುಕೊಂಡಿದೆ. ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಪುಸ್ತಕದ ಚಿತ್ರದಲ್ಲಿ ಕಲಿತ ಹೆಸರನ್ನು ನಿಜವಾದ ವಸ್ತುವಿಗೆ ಹೊಂದಿಸಬಲ್ಲರು ಅಂತ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಚಿತ್ರ ನಿಜಕ್ಕೆ ಹತ್ತಿರವಾಗಿದ್ದಷ್ಟೂ ಇದು ಸುಲಭ, ವ್ಯಂಗ್ಯಚಿತ್ರದ ಹಾಗಿದ್ದರೆ ಕಷ್ಟ.

ಆದ್ದರಿಂದ ಪುಸ್ತಕ ಆರಿಸುವಾಗ ನಾನು ಚಿತ್ರವನ್ನು ಮೊದಲು ನೋಡುತ್ತೇನೆ. ಇರುವೆಗೆ ಆರು ಕಾಲಿದೆಯೇ? ಜೇಡಕ್ಕೆ ಎಂಟು? ಬಸವನಹುಳುವಿನ ಕಣ್ಣು ಅದರ ಉದ್ದ ಕೊಂಬಿನ ತುದಿಯಲ್ಲಿದೆಯೇ, ಅಥವಾ ಮನುಷ್ಯರ ಹಾಗೆ ಮುಖದ ನಡುವೆ ಎರಡು ಗುಂಡು ಕಣ್ಣು ಬರೆದು ನಗಿಸಿದ್ದಾರೆಯೇ? ಅಂಗಿ ಚಡ್ಡಿ ತೊಟ್ಟು ಮಾತಾಡುವ ಕರಡಿಯ ಕಥೆಯನ್ನು ನಾನು ಬೇಡ ಅನ್ನುವುದಿಲ್ಲ, ಅದರ ಸುಖವೇ ಬೇರೆ. ಆದರೆ ಪ್ರಾಣಿಯ ಬಗ್ಗೆ ತಿಳಿಯಲು ಓದುವ ಪುಸ್ತಕದಲ್ಲಿ ಪ್ರಾಣಿ ಪ್ರಾಣಿಯಾಗಿಯೇ ಇರಲಿ. ಮನುಷ್ಯರಂತೆ ಆಡುವ ಪ್ರಾಣಿಗಳ ಪುಸ್ತಕ ಕೇಳಿದ ಮಕ್ಕಳು ನಿಜವಾದ ಪ್ರಾಣಿಗೂ ಮನುಷ್ಯರ ಗುಣವನ್ನೇ ಹೊರಿಸುತ್ತಾರೆ ಅನ್ನುವುದು ಮೂರರಿಂದ ಐದು ವರ್ಷದವರ ಜೊತೆ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ.

ಓದುವುದು ಹೇಗೆ? ಅಕ್ಷರ ಬಿಡದೆ ಮೊದಲಿನಿಂದ ಕೊನೆಯವರೆಗೆ ಓದಬೇಕೆಂಬ ಹಟ ಬೇಡ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 21ರಿಂದ 35 ತಿಂಗಳ ಮಕ್ಕಳ ಪೋಷಕರಿಗೆ ಹೇಳಿಕೊಟ್ಟದ್ದು ತೀರ ಸರಳವಾದ ವಿಷಯ: ಓದುತ್ತಾ ಮಗುವನ್ನು ಕೇಳಿ, ಅದರ ಉತ್ತರಕ್ಕೆ ಇನ್ನೊಂದು ಮಾತು ಸೇರಿಸಿ. ಒಂದು ತಿಂಗಳ ಕೊನೆಯಲ್ಲಿ ಆ ಮಕ್ಕಳ ಮಾತು, ಸುಮ್ಮನೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದಿತ್ತು. "ಇದೇನು?" ಅನ್ನುವ ಪ್ರಶ್ನೆ ಒಂದೇ ಪದಕ್ಕೆ ಮುಗಿದುಹೋಗುತ್ತದೆ. "ಕಪ್ಪೆ ಏನು ಮಾಡ್ತಿದೆ?" ಅಂತ ಕೇಳಿ. ಮಗು "ಜಿಗಿ" ಅನ್ನುತ್ತದೆ. ನೀವು "ಹೌದು ಕಂದ, ಕಪ್ಪೆ ನೀರಿಗೆ ಜಿಗೀತು" ಅನ್ನಿ. ಮಗು ಪುಸ್ತಕ ಬಿಟ್ಟು ಎದ್ದು ತಾನೇ ಜಿಗಿಯತೊಡಗಿದರೆ ತಡೆಯಬೇಡಿ, ಅದೂ ಓದೇ. ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿಕೊಂಡರೆ ಬೇಸರಪಡಬೇಡಿ. ಪದ ಮನಸ್ಸಿನಲ್ಲಿ ಊರುವುದು ಆ ಮರುಓದಿನಲ್ಲೇ. ಮರುದಿನ ನೀರಿನ ಹತ್ತಿರ ಕಪ್ಪೆ ಕಂಡಾಗ "ಪುಸ್ತಕದ್ದು!" ಅಂತ ಮಗು ಕೂಗಿದರೆ, ಪುಸ್ತಕವನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ. ಸ್ವಲ್ಪ ಕೆಸರಾದರೆ ಆಗಲಿ.

ಇನ್ನೊಂದು ವಿಷಯ ಇದೆ. ಇದು ಮಕ್ಕಳದ್ದಲ್ಲ, ನಮ್ಮ ಮುಖದ್ದು. 1985ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜು ಹೊದಿಸಿದ ಮೇಜಿನ ಮೇಲೆ ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ತಗ್ಗು ಇರುವಂತೆ ಕಾಣುತ್ತಿತ್ತು. ಮಕ್ಕಳು ಅಂಚಿಗೆ ಬಂದು ನಿಂತು, ಎದುರಿಗಿದ್ದ ತಾಯಿಯ ಮುಖ ನೋಡಿದರು. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಂದಿ ದಾಟಿದರು. ತಾಯಿ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಬ್ಬರೂ ದಾಟಲಿಲ್ಲ. ಕಂಬಳಿಹುಳು ಕಂಡ ಕೂಡಲೇ "ಛೀ! ಥೂ! ಬಿಡು!" ಅಂತ ನಾವು ಕಿರುಚುವಾಗ ಮಗು ಹುಳುವನ್ನು ನೋಡುತ್ತಿಲ್ಲ, ನಮ್ಮ ಮುಖ ಓದುತ್ತಿದೆ. ಕಂಬಳಿಹುಳುವನ್ನು ಮುಟ್ಟಬಾರದು, ಸರಿ, ಅದರ ರೋಮ ಚುಚ್ಚಿ ಉರಿಯಾಗುತ್ತದೆ. ಅದನ್ನೇ ಶಾಂತವಾಗಿ ಹೇಳಬಹುದು: "ಇದನ್ನು ಕಣ್ಣಲ್ಲಿ ನೋಡೋಣ, ಕೈಯಲ್ಲಿ ಬೇಡ." ನಿಮಗೆ ನಿಜಕ್ಕೂ ಹೆದರಿಕೆಯಿದ್ದರೆ ಎರಡು ಹೆಜ್ಜೆ ಹಿಂದೆ ಕೂತು ನೋಡಿ. ಮಗುವೂ ನಿಮ್ಮ ಮಡಿಲಿನಿಂದ ನೋಡುತ್ತದೆ.

ಸತ್ತುಬಿದ್ದ ಚಿಟ್ಟೆ ಸಿಕ್ಕಿದಾಗಲೂ ಹಾಗೆಯೇ. "ಮಲಗಿದೆ" ಅನ್ನಬೇಡಿ, ರಾತ್ರಿ ಮಲಗಲು ಹೋಗುವ ಮಗುವಿಗೆ ಆ ಮಾತು ತೊಡಕಾಗುತ್ತದೆ. "ಸತ್ತುಹೋಗಿದೆ, ಇನ್ನು ಹಾರುವುದಿಲ್ಲ" ಅಂತ ಹೇಳಿ ಅದರ ನಾಲ್ಕು ರೆಕ್ಕೆ ತೋರಿಸಿ.

ಎಚ್ಚರಿಕೆಯ ಮಾತು ಖಂಡಿತವಾಗಿ ಹೇಳುತ್ತೇನೆ. ಈ ವಯಸ್ಸಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ. ಕೆಂಪು ಮೈ, ಕಪ್ಪು ಚುಕ್ಕಿಯ ಗುಲಗಂಜಿ ಬೀಜ ನೋಡಲು ಮಣಿಯ ಹಾಗಿದ್ದರೂ ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಕಣಗಿಲೆ, ದತ್ತೂರ, ಹರಳು ಬೀಜ ಇವೂ ವಿಷ. ಇವನ್ನು ಗುರುತಿಸಲು ದೊಡ್ಡವರು ಮೊದಲು ಕಲಿತಿರಬೇಕು. ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕ ಕಲ್ಲು, ಕಾಳು ಆಟಕ್ಕೆ ಬೇಡ. ಬಕೆಟ್ಟಿನ ತಳದಲ್ಲಿರುವ ಸ್ವಲ್ಪ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ನೀರಾಟದ ಹೊತ್ತಿನಲ್ಲಿ ಫೋನು ಪಕ್ಕಕ್ಕಿರಲಿ, ಕಣ್ಣು ಮಗುವಿನ ಮೇಲಿರಲಿ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು, ಲಸಿಕೆ ಸಮಯಕ್ಕೆ ಹಾಕಿಸುವುದು, ಇಷ್ಟು ಮಾಡಿದರೆ ಮಣ್ಣಿಗೆ ಹೆದರಬೇಕಾಗಿಲ್ಲ.

ಇನ್ನು ಮನೆಯಲ್ಲಿ ತಕ್ಕ ಪುಸ್ತಕ ಇಲ್ಲದಿದ್ದರೆ? ಮಾಡಿಕೊಳ್ಳಿ. ದಪ್ಪ ಹಾಳೆಗಳನ್ನು ಮಡಚಿ ನಡುವೆ ಹೊಲಿಗೆ ಹಾಕಿ. ಮಗು ತಂದ ಎಲೆಯನ್ನು ಭಾರದ ಕೆಳಗೆ ಒಂದು ವಾರ ಇಟ್ಟು ಒಣಗಿಸಿ ಅಂಟಿಸಿ. ಉದುರಿದ ಗರಿ, ನೀವೇ ತೆಗೆದ ಇರುವೆ ಸಾಲಿನ ಫೋಟೋ, ಕೆಸರಲ್ಲಿ ಅದ್ದಿದ ಪುಟ್ಟ ಅಂಗೈಯ ಗುರುತು, ಎಲ್ಲಕ್ಕೂ ಒಂದೊಂದು ಹಾಳೆ. ಕೆಳಗೆ ಬರೆಯುವ ಮಾತು ಮಗುವಿನದೇ ಆಗಿರಲಿ. ಅದು "ಎಲೆ ಬಿತ್ತು ಢಬ್" ಅಂದಿದ್ದರೆ ಹಾಗೆಯೇ ಬರೆಯಿರಿ, ತಿದ್ದಬೇಡಿ. ಮೊದಲ ಹಾಳೆಗೆ ಏನು ಅಂಟಿಸಬೇಕು ಅಂತ ನಾಳೆ ಹೊರಗೆ ಹೋದಾಗ ಮಗುವನ್ನೇ ಕೇಳಿ.

ನಮಸ್ಕಾರ.