ಇಂಗುಬಾವಿ ತೋಡಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಬಡಾವಣೆಯಲ್ಲಿ ಒಂದು ಒಳ್ಳೆಯ ಕೆಲಸವಾದರೆ ಕಲ್ಲಿನ ಫಲಕದ ಮೇಲೆ ಯಾರ್ಯಾರ ಹೆಸರು ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿಯಲ್ಲಿದ್ದವರು. ಇವತ್ತಿನ ಮಾತು ಕೆಲಸ ಮಾಡಿದವರದು. ಕೆಲಸ ಯಾವುದೆಂದರೆ, ಬೆಂಗಳೂರಿನ ಲೇಔಟು, ಅಪಾರ್ಟ್‌ಮೆಂಟು, ಪಾರ್ಕುಗಳಲ್ಲಿ ಮಳೆನೀರನ್ನು ನೆಲದೊಳಕ್ಕೆ ಇಳಿಸುತ್ತಿರುವ ಇಂಗುಬಾವಿ. ಮೇಸ್ತ್ರಿಗಳ ಬಾಯಲ್ಲಿ ಅದು ರೀಚಾರ್ಜ್ ಬಾವಿ.

ಈ ಊರಿಗೆ ಬಾವಿ ಏಕೆ ಬೇಕು ಎಂದು ಈಗ ಯಾರೂ ಕೇಳುವುದಿಲ್ಲ. 2024ರ ಬೇಸಿಗೆ ಅದಕ್ಕೆ ಉತ್ತರ ಕೊಟ್ಟಿದೆ. ಕೊಳವೆಬಾವಿಗಳು ಬತ್ತಿ, ಬೀದಿಬೀದಿಯಲ್ಲಿ ಟ್ಯಾಂಕರಿಗೆ ಕಾದು ಕೂತ ದಿನಗಳು ಅವು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಸಾಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಹತ್ತಿ ನಮ್ಮ ನಲ್ಲಿಗೆ ಬರಬೇಕು. ಆಕಾಶದಿಂದ ಬರುವ ನೀರಿಗೆ ಕರೆಂಟ್ ಬಿಲ್ ಇಲ್ಲ. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2500 ಲೀಟರ್. ಆವಿಯಾಗಿದ್ದು, ತಾರಸಿ ಹೀರಿದ್ದು, ಚೆಲ್ಲಿದ್ದು ಕಳೆದರೂ 2000 ಲೀಟರಿಗೆ ಮೋಸವಿಲ್ಲ. ಅದನ್ನು ಚರಂಡಿಗೆ ಬಿಡುವುದೋ ನೆಲಕ್ಕೆ ಬಿಡುವುದೋ ಎಂಬುದಷ್ಟೇ ಪ್ರಶ್ನೆ.

ಕಾನೂನು ಆಗಲೇ ಹೇಳಿಬಿಟ್ಟಿದೆ. ಬೆಂಗಳೂರು ಜಲಮಂಡಳಿ ಕಾಯ್ದೆಗೆ ತಂದ 2009ರ ತಿದ್ದುಪಡಿಯ ಪ್ರಕಾರ 2400 ಚದರಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗೂ, 1200 ಚದರಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಕಾನೂನು ಬಂದ ಮೇಲೆ ಏನಾಯಿತೆಂದರೆ, ಬಹಳ ಕಡೆ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮು ಬಂತು, ಅದರ ತುಂಬ ಜಲ್ಲಿ ಬಂತು, ಫೋಟೋ ತೆಗೆದಾಯಿತು. ಡ್ರಮ್ಮಿನಿಂದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಮತ್ತದೇ ಚರಂಡಿ. ಕೆಲಸ ನಿಜವಾಗಿ ಆಗಿರುವುದು ಬಾವಿ ತೋಡುವವರನ್ನು ಕರೆಸಿದ ಕಡೆಗಳಲ್ಲಿ.

ಈ ಬಾವಿ ತೋಡುವವರು ಹೆಚ್ಚಿನ ಪಾಲು ಭೋವಿ ಸಮುದಾಯದವರು, ಅದರಲ್ಲೂ ಮಣ್ಣಿನ ಕೆಲಸದ ವಡ್ಡರು. ಸರ್ಜಾಪುರದ ಬಳಿಯ ಭೋವಿಪಾಳ್ಯದಂಥ ಊರುಗಳಲ್ಲಿ ತಲೆಮಾರುಗಳಿಂದ ಇದೇ ಕಸುಬು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮರನ್ನು ಗುರುವೆಂದು ನೆನೆಯುವ ಜನ. ಕೊಳವೆಬಾವಿ ಕೊರೆಯುವ ಲಾರಿ ಬಂದ ಮೇಲೆ ಇವರ ಕಸುಬು ಮೂಲೆಗೆ ಬಿತ್ತು. ಪಾಯ ಅಗೆಯುವುದು, ಕೇಬಲ್ ಗುಂಡಿ ತೆಗೆಯುವುದು, ಸಿಕ್ಕಿದ್ದು ಮಾಡಿದರು. ನಗರಕ್ಕೆ ಹತ್ತು ಲಕ್ಷ ಇಂಗುಬಾವಿ ಎಂಬ ಗುರಿ ಇಟ್ಟುಕೊಂಡು ಬಯೋಮ್ ಸಂಸ್ಥೆ ಮತ್ತು ಜಲತಜ್ಞ ಎಸ್. ವಿಶ್ವನಾಥ್ ಅವರು ಈ ಕುಶಲಿಗಳನ್ನು ಮುಂದಿಟ್ಟುಕೊಂಡು ಹೊರಟ ಮೇಲೆ, ಹಾರೆ ಗುದ್ದಲಿಗೆ ಮತ್ತೆ ಬೆಲೆ ಬಂತು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದವರೂ ಇವರೇ.

ಈಗ ಅವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಮನೆಗೆ ಮಾಡುವ ಇಂಗುಬಾವಿ 3 ಅಡಿ ಅಗಲ, 20 ಅಡಿ ಆಳ. ಒಳಗೆ ಇಳಿಸುವ ಸಿಮೆಂಟ್ ರಿಂಗಿನ ಒಳ ಅಗಲ 3 ಅಡಿ. ರಿಂಗಿನ ದಪ್ಪ, ಸುತ್ತ ಜಲ್ಲಿ ತುಂಬುವ ಸಂದು ಎಲ್ಲ ಸೇರಿ ಗುಂಡಿ 4 ಅಡಿ ಅಗಲ ಇರಬೇಕು. ಲೆಕ್ಕ ಹಾಕಿ: 4 ಅಡಿ ಅಗಲ, 20 ಅಡಿ ಆಳದ ಗುಂಡಿಯಿಂದ ಹೊರಬರುವ ಮಣ್ಣು ಸುಮಾರು 250 ಘನ ಅಡಿ, ತೂಕದಲ್ಲಿ ಸುಮಾರು 12 ಟನ್. ಒಬ್ಬ ಕೆಳಗೆ, ಇಬ್ಬರು ಅಥವಾ ಮೂವರು ಮೇಲೆ. ಒಂದು ಸಲಕ್ಕೆ 20 ಕಿಲೋ ಮಣ್ಣು ಎಂದುಕೊಂಡರೂ 600 ಸಲ ಹಗ್ಗ ಎಳೆಯಬೇಕು. ಮಣ್ಣು ಒಲಿದರೆ ಎರಡು ಮೂರು ದಿನದ ಕೆಲಸ. ಅಷ್ಟು ಕಿರಿದಾದ ಗುಂಡಿಯಲ್ಲಿ ಗುದ್ದಲಿ ಬೀಸಲು ಆಗುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಮೋಟು ಹಿಡಿಯ ಗುದ್ದಲಿಯಿಂದ, ಸಣ್ಣ ಹಾರೆಯಿಂದ ಸುತ್ತಲೂ ಒಂದೇ ಸಮನಾಗಿ ಕೆರೆದು ಇಳಿಯಬೇಕು. ಗೋಡೆ ಸೊಟ್ಟಗಾದರೆ ಮೇಲಿನಿಂದ ಇಳಿಸಿದ ರಿಂಗು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಜಾಗ ಗೊತ್ತುಮಾಡುವುದರಲ್ಲೂ ಅನುಭವ ಬೇಕು. ಮನೆಯ ಪಾಯದಿಂದ 10 ಅಡಿಯಾದರೂ ದೂರ. ಒಳಚರಂಡಿ ಚೇಂಬರು, ಶೌಚದ ಗುಂಡಿ ಇದ್ದರೆ ಇನ್ನೂ ದೂರ, 30 ಅಡಿ ಬಿಟ್ಟರೆ ನೆಮ್ಮದಿ. ಕರೆಂಟಿನ ಕೇಬಲ್, ಗ್ಯಾಸ್ ಪೈಪು ಎಲ್ಲಿ ಹೋಗಿದೆ ಎಂಬುದನ್ನು ಮನೆಯವರು ತಿಳಿದು ಮೊದಲೇ ಹೇಳಬೇಕು. ಅದು ಅಗೆಯುವವರ ಹೊಣೆಯಲ್ಲ.

ಐದಾರು ಅಡಿ ಕೆಮ್ಮಣ್ಣು ಮುಗಿದ ಮೇಲೆ ಬೆಂಗಳೂರಿನ ನೆಲ ತನ್ನ ಗುಣ ತೋರಿಸುತ್ತದೆ. ಕೆಲವೆಡೆ ಗರಸು ಮಣ್ಣು, ಕೆಲವೆಡೆ ಕಪ್ಪು ಬಿಳಿ ಚುಕ್ಕೆಯ, ಕೈಯಲ್ಲಿ ಪುಡಿಯಾಗುವ ಶಿಥಿಲವಾದ ಕಲ್ಲು. ಇದು ಸಿಕ್ಕರೆ ತೋಡುವವರ ಮುಖ ಅರಳುತ್ತದೆ, ಏಕೆಂದರೆ ನೀರು ಕುಡಿಯುವ ಪದರ ಅದೇ. ಜೇಡಿ ಬಂದರೆ ಮಾತು ಬೇರೆ. ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದಾಗ ಚಪಾತಿ ಹಿಟ್ಟಿನ ಹಾಗೆ ಮುದ್ದೆಯಾಗಿ ನಿಂತರೆ ನೀರು ಇಂಗದು. ಜೇಡಿಯನ್ನು ದಾಟಿ ಕೆಳಗಿನ ಸಡಿಲ ಪದರಕ್ಕೆ ಹೋಗಬೇಕು, ಅದಕ್ಕಾಗಿ 20 ಅಡಿ 25 ಆದೀತು. ‘ಮಾತಾಡಿದ್ದು 20 ಅಡಿ’ ಎಂದು ಅಲ್ಲೇ ನಿಲ್ಲಿಸಿದರೆ ಮಳೆಗಾಲದುದ್ದಕ್ಕೂ ತುಂಬಿ ನಿಲ್ಲುವ, ಸೊಳ್ಳೆ ಸಾಕುವ ತೊಟ್ಟಿಯೊಂದು ನಿಮ್ಮದಾಗುತ್ತದೆ. 10 ಅಡಿಗೇ ಬಂಡೆ ಸಿಕ್ಕರೆ ಹಟ ಬೇಡ, ಜಾಗ ಬದಲಿಸಿ. ಇನ್ನು ಮಣ್ಣು ಮರಳಾಗಿ ಕುಸಿಯತೊಡಗಿದರೆ ಪೂರ್ತಿ ತೋಡಿದ ಮೇಲೆ ರಿಂಗು ಇಳಿಸುವ ಕ್ರಮ ನಡೆಯದು. ಮೊದಲ ರಿಂಗನ್ನು ಮೇಲೆಯೇ ಕೂರಿಸಿ, ಅದರೊಳಗೆ ನಿಂತು ಅಡಿಯ ಮಣ್ಣು ತೆಗೆಯುತ್ತಾ, ರಿಂಗು ತಾನಾಗಿ ಇಳಿದ ಹಾಗೆ ಮೇಲೊಂದು ಮೇಲೊಂದು ಪೇರಿಸುತ್ತಾ ಹೋಗಬೇಕು. ಒಳಗಿದ್ದವನ ಜೀವ ಕಾಯುವುದೂ ಆ ರಿಂಗೇ.

ಕಟ್ಟುವಾಗ ಕೆಡುವುದು ಮೂರು ಕಡೆ. ರಿಂಗಿನ ಸಂದಿಗೆ ಸಿಮೆಂಟ್ ಮೆತ್ತುವುದು ಮೊದಲನೆಯದು. ಚೆಂದ ಕಾಣಲೆಂದು ಗಾರೆಯವರು ಮಾಡುವ ಕೆಲಸ ಇದು, ನೀರು ಹೊರಹೋಗುವ ದಾರಿಯೇ ಮುಚ್ಚುತ್ತದೆ. ರಿಂಗುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಇಡಬೇಕು, ಹೊರಗಿನ ಸಂದಿಗೆ 20ರಿಂದ 40 ಮಿಲಿಮೀಟರಿನ ಜಲ್ಲಿ ತುಂಬಬೇಕು. ತಳಕ್ಕೆ ಕಾಂಕ್ರೀಟ್ ಕೂಡದು. ಎರಡನೆಯದು, ಬಾವಿಯ ತುಂಬ ಕಲ್ಲು ಜಲ್ಲಿ ಸುರಿಯುವುದು. 3 ಅಡಿ ಅಗಲದ 20 ಅಡಿ ಬಾವಿ ಖಾಲಿಯಿದ್ದರೆ 4000 ಲೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದರೆ ಅದರ ಅರ್ಧವೂ ಹಿಡಿಯದು, ಹೂಳು ಕೂತ ಮೇಲೆ ತೆಗೆಯಲೂ ಬಾರದು. ತಳಕ್ಕೆ ಒಂದಡಿ ಜಲ್ಲಿ ಧಾರಾಳವಾಯಿತು. ಮೂರನೆಯದು, ಹೂಳುಗುಂಡಿಯನ್ನೇ ಬಿಟ್ಟುಬಿಡುವುದು. ತಾರಸಿಯ ಪೈಪು ಬಾವಿಗೆ ನೇರವಾಗಿ ಬೀಳಬಾರದು. ನಡುವೆ 2 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಆಳದ ಇಟ್ಟಿಗೆಯ ಗುಂಡಿ ಬೇಕು. ಎಲೆ, ಮಣ್ಣು ಅದರ ತಳದಲ್ಲಿ ಕೂರುತ್ತವೆ, ತಿಳಿನೀರು ಮೇಲಿನ ಪೈಪಿನಿಂದ ಜಾಲರಿ ದಾಟಿ ಬಾವಿಗೆ ಹೋಗುತ್ತದೆ. ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೇ ಬಿಡಬೇಕು. ಮಳೆನೀರು ಕೊಯ್ಲಿನ ಮಾದರಿಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಉದ್ಯಾನವಿದೆ.

ತೋಡುವವರ ಸುರಕ್ಷತೆಯ ಮಾತು ನಾಲ್ಕು ಸಾಲಿನಲ್ಲಿ ಮುಗಿಯುವುದಲ್ಲ, ಆದರೂ ಇಷ್ಟನ್ನು ಕೇಳಿಸಿಕೊಳ್ಳಿ. ಹೊರತೆಗೆದ ಮಣ್ಣು ಬಾವಿಯ ಅಂಚಿನಿಂದ 3–4 ಅಡಿ ಆಚೆ ಇರಬೇಕು. ಮೇಲೆ ಯಾವಾಗಲೂ ಒಬ್ಬ ಇರಲೇಬೇಕು, ಬೀಡಿಗೆಂದೂ ಫೋನಿಗೆಂದೂ ಆಚೆ ಹೋಗುವಂತಿಲ್ಲ. ಮಳೆ ಹನಿ ಬಿದ್ದರೆ ಕೆಳಗಿರುವವರು ಹತ್ತಿ ಬರಬೇಕು. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಹಗ್ಗದ ಪಟ್ಟಿ ಕೊಡಿಸುವುದು ಕೆಲಸ ಕೊಟ್ಟವರ ಕರ್ತವ್ಯ, ಉಪಕಾರವಲ್ಲ. ನೀರು ಬಂತೆಂದು ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿದರೆ ಅದರ ಹೊಗೆ ನಿಮಿಷಗಳಲ್ಲಿ ಪ್ರಾಣ ತೆಗೆಯಬಹುದು. ಪಂಪು ಮೇಲೆಯೇ ಇರಲಿ, ಪೈಪು ಕೆಳಗೆ ಹೋಗಲಿ. ವರ್ಷಗಟ್ಟಲೆ ಮುಚ್ಚಿಟ್ಟ ಹಳೆಯ ಬಾವಿಗೆ ಯಾರನ್ನೂ ಸಟಕ್ಕನೆ ಇಳಿಸಬೇಡಿ. ಮುಚ್ಚಳ ತೆಗೆದು ಒಂದು ದಿನ ಗಾಳಿಯಾಡಲು ಬಿಟ್ಟು, ಬ್ಲೋವರ್‌ನಿಂದ ಗಾಳಿ ಊದಿಸಿ, ಆಮೇಲೆ. ದೀಪ ಇಳಿಸಿ ಆರುತ್ತದೆಯೋ ಎಂದು ನೋಡುವ ಹಳೆಯ ಪದ್ಧತಿಯನ್ನೇ ನೆಚ್ಚಿಕೊಳ್ಳುವಂತಿಲ್ಲ, ಎಲ್ಲ ವಿಷಗಾಳಿಯನ್ನೂ ದೀಪ ಹೇಳದು. ಕೊಳಚೆ ಸೇರಿದ ಬಾವಿಯಾದರೆ ಮನುಷ್ಯರನ್ನು ಇಳಿಸುವ ಮಾತೇ ಇಲ್ಲ. ಯಂತ್ರ ತರಿಸಿ, ಮೊದಲು ಕೊಳಚೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಬಾವಿ ತೋಡಿದವರು ಹೋದ ಮೇಲೆ ಅದನ್ನು ಉಳಿಸಿಕೊಳ್ಳುವವರು ಇನ್ನೊಂದಷ್ಟು ಜನ. ರಸ್ತೆ ಬದಿಯ ಮೋರಿಯಲ್ಲಿ ಇಂಗುಬಾವಿ ಮಾಡಿದ ಕಡೆ, ಆ ಮೋರಿಯ ಎಲೆ ಕಸ ಗುಡಿಸುವ ಪೌರಕಾರ್ಮಿಕರ ಪೊರಕೆ ನಿಂತರೆ ಬಾವಿ ಎರಡು ಮಳೆಗಾಲವೂ ಬಾಳದು. ಅಪಾರ್ಟ್‌ಮೆಂಟಿನಲ್ಲಿ ಹೂಳುಗುಂಡಿಯ ಜಾಲರಿ ತೊಳೆಯುವವರು ಮಾಲಿ, ಇಲ್ಲವೇ ಸೆಕ್ಯುರಿಟಿಯವರು. ಅವರಿಗೆ ಅದು ಏಕೆ ಬೇಕೆಂದು ಒಂದು ಸಲ ಮುಚ್ಚಳ ತೆಗೆದು ತೋರಿಸಿದರೆ ಸಾಕು, ಮಳೆ ನಿಂತ ಬೆಳಿಗ್ಗೆ ತಾವೇ ಹೋಗಿ ನೋಡುತ್ತಾರೆ. ಪ್ಲಂಬರ್ ಗಮನಿಸಬೇಕಾದದ್ದು ಒಂದೇ: ಬಟ್ಟೆ ಒಗೆಯುವ ಮೆಷೀನಿನ ನೀರೋ ಬಾಲ್ಕನಿ ತೊಳೆದ ಸೋಪಿನ ನೀರೋ ಮಳೆನೀರಿನ ಪೈಪಿಗೆ ಸೇರಬಾರದು. ಬಾಡಿಗೆಗೆ ಹೊಸಬರು ಬಂದಾಗಲೆಲ್ಲ ಇದು ಕೆಡುತ್ತದೆ.

ಸಂಘದ ಖಜಾಂಚಿಯನ್ನೂ ಇಲ್ಲಿ ಸೇರಿಸುತ್ತೇನೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯನ್ನು ನೋಡಿ. 300ಕ್ಕೂ ಹೆಚ್ಚು ನಿವೇಶನಗಳ ಆ ಲೇಔಟಿನಲ್ಲಿ ಮನೆಮನೆಗೆ ಖಾಸಗಿ ಕೊಳವೆಬಾವಿ ಕೊರೆಸಬಾರದೆಂದು ನಿಯಮ ಮಾಡಿದರು. ಹೆಚ್ಚು ಬಳಸಿದವರಿಗೆ ಹೆಚ್ಚು ದರವೆಂದು ನೀರಿಗೆ ಹಂತಹಂತದ ಬೆಲೆ ಕಟ್ಟಿದರು, ಇಂಗುಬಾವಿಗಳನ್ನು ತೋಡಿಸಿದರು. ಬಾವಿ ಕಣ್ಣಿಗೆ ಕಾಣುತ್ತದೆ, ಬಿಲ್ಲಿನ ಹಂತ ಕಾಣುವುದಿಲ್ಲ. ‘ನಮ್ಮನೆಗೇಕೆ ಇಷ್ಟು ಬಂತು?’ ಎಂದು ಗದರುವ ನೆರೆಯವರ ಎದುರು ಮೀಟರ್ ಪುಸ್ತಕ ಬಿಚ್ಚಿ ಕೂರುವುದು, ಅದೂ ಸಂಬಳವಿಲ್ಲದ ಕೆಲಸ, ಸಣ್ಣ ಮಾತಲ್ಲ. ನೀರು ಇಂಗಿಸುವುದರಷ್ಟೇ ನೀರು ಕಡಿಮೆ ಎತ್ತುವುದೂ ಮುಖ್ಯ ಎನ್ನುವುದನ್ನು ಅನೇಕ ಬಡಾವಣೆಗಳು ಇನ್ನೂ ಒಪ್ಪಿಲ್ಲ.

ಬಾವಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಒಂದು ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೊಂದು ಕಲ್ಲು. ಜೋರು ಮಳೆ ನಿಂತ ಕೂಡಲೇ ಒಮ್ಮೆ, ಮರುದಿನ ಒಮ್ಮೆ ಇಳಿಬಿಟ್ಟು ನೀರು ಎಷ್ಟು ಗಂಟಿನಲ್ಲಿದೆ ಎಂದು ಬರೆದಿಡಿ. ಮಾರನೆಯ ದಿನಕ್ಕೆ ಬಹುಪಾಲು ಇಳಿದಿದ್ದರೆ ಸರಿ. ಮೂರು ದಿನವಾದರೂ ಅಲ್ಲೇ ನಿಂತಿದ್ದರೆ ತಳದಲ್ಲಿ ಹೂಳು ಕೂತಿದೆ. ಇಲ್ಲಿ ಒಂದು ವಿನಾಯಿತಿ ಇದೆ. ಮಳೆಗಾಲದ ಕೊನೆಗೆ ಸುತ್ತಲಿನ ಅಂತರ್ಜಲವೇ ಮೇಲೆ ಬಂದು ಬಾವಿಯಲ್ಲಿ ನೀರು ನಿಂತರೆ ಅದು ಕೆಟ್ಟಿದ್ದಲ್ಲ, ಗೆದ್ದದ್ದು. ಬಡಾವಣೆಯ ನಾಲ್ಕೈದು ಬಾವಿಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಬರೆದಿಟ್ಟಿದ್ದರೆ ಎರಡರ ವ್ಯತ್ಯಾಸ ತಾನೇ ತಿಳಿಯುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ, ಆದರೆ ಮುಚ್ಚಳ ತೆಗೆಯುವುದು, ಹಾಕುವುದು ದೊಡ್ಡವರದೇ. ಆ ಮುಚ್ಚಳದಡಿ ಕಬ್ಬಿಣದ ಜಾಲರಿ ಇಲ್ಲದ ಬಾವಿ ಯಾವ ಲೇಔಟಿನಲ್ಲೂ ಇರಕೂಡದು.

ಇಷ್ಟು ಜನರನ್ನು ಗೌರವಿಸುವುದು ಹೇಗೆ? ನವೆಂಬರಿನಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸಿ, ಪೇಟ ತೊಡಿಸುವುದು ನಡೆದಿದೆ, ಬೇಡವೆನ್ನುವುದಿಲ್ಲ. ಆದರೆ ಬಾವಿ ತೋಡುವ ಕೂಲಿ ಅಡಿ ಲೆಕ್ಕದ್ದು. ಆಳಕ್ಕೆ ಹೋದ ಹಾಗೆ, ಕಲ್ಲು ಬಂದ ಹಾಗೆ ಅಡಿಯ ದರ ಏರಬೇಕು. ಇದನ್ನು ಕೆಲಸಕ್ಕೆ ಮುಂಚೆ ಕಾಗದದ ಮೇಲೆ ಬರೆದುಕೊಳ್ಳಿ. ನಡುವೆ ಗುತ್ತಿಗೆದಾರ ಇದ್ದರೆ ತೋಡಿದವರ ಕೈಗೆ ಎಷ್ಟು ಸೇರಿತೆಂದು ಕೇಳಿ. ಕೆಲಸ ಮುಗಿದ ಸಂಜೆಯೇ ಹಣ ಕೊಡಿ. ಕೆಲಸದ ದಿನಗಳಲ್ಲಿ ಕುಡಿಯುವ ನೀರು, ನಿಮ್ಮ ಕಟ್ಟಡದ ಶೌಚಾಲಯದ ಬಾಗಿಲು ಅವರಿಗೆ ತೆರೆದಿರಲಿ. ನೀರು ಕೊಡುವ ಬಾವಿ ತೋಡಲು ಬಂದವರನ್ನು ಶೌಚಕ್ಕೆ ಖಾಲಿ ಸೈಟಿಗೆ ಕಳಿಸುವ ಸೊಸೈಟಿಗಳು ನಮ್ಮ ನಡುವೆ ಇವೆ, ಅದಕ್ಕೆ ಶಾಲು ಪರಿಹಾರವಲ್ಲ. ಬಾವಿಯ ಮೇಲಿನ ಚಪ್ಪಡಿ ಹಸಿಯಿರುವಾಗಲೇ ತೋಡಿದ ದಿನಾಂಕ, ಆಳ, ಅವರೊಪ್ಪಿದರೆ ತಂಡದ ಹೆಸರು ಮೂರನ್ನೂ ಕೆತ್ತಿಸಿ. ಮುಂದೆ ಹೂಳೆತ್ತಲು ಬರುವವರಿಗೆ ಎಷ್ಟಡಿ ಬಾವಿ, ಎಷ್ಟಡಿ ಹೂಳು ಎಂದು ಅದೇ ಹೇಳುತ್ತದೆ.

ಹೂಳೆತ್ತುವ ಕೆಲಸವನ್ನು ತೋಡಿದ ತಂಡಕ್ಕೇ ವರ್ಷಾವಧಿ ಒಪ್ಪಂದವಾಗಿ ಕೊಡಿ. ಒಂದೆರಡು ಬಾವಿಗಾದರೆ ಹೋಗಿಬರುವ ಖರ್ಚೂ ಅವರಿಗೆ ಗಿಟ್ಟದು. ಅಕ್ಕಪಕ್ಕದ ಬೀದಿಯವರು ಸೇರಿ ಎಂಟು ಹತ್ತು ಬಾವಿ ಒಟ್ಟು ಮಾಡಿದರೆ ಅವರಿಗೆ ನಾಲ್ಕು ದಿನದ ಕೆಲಸ, ನಿಮಗೆ ದರದಲ್ಲಿ ಉಳಿತಾಯ. ಯುಗಾದಿ ಕಳೆದ ಕೂಡಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಮೊದಲ ಜೋರು ಮಳೆ ಬಿದ್ದ ಮೇಲೆ ಎಲ್ಲ ಬಡಾವಣೆಗಳಿಗೂ ಅವರೇ ಬೇಕಾಗುತ್ತಾರೆ, ಆಗ ಮೂರು ವಾರ ಕಾದರೂ ಸಿಗುವುದು ಕಷ್ಟ.

ನಮಸ್ಕಾರ.