ಓಟಕ್ಕೆ ಮೊದಲು, ಮೇಜಿನ ಮೇಲೆ

ಕೇಳುಗರಿಗೆ ನಮಸ್ಕಾರ.

ಮಕ್ಕಳ ಮಾದರಿ ಕಾರುಗಳ ಓಟದಲ್ಲಿ ಯಾರು ಗೆದ್ದರು ಅಂತ ಹೇಳುವುದು ಸುಲಭ. ಯಾವ ಕಾರು ಮೊದಲು ಗೆರೆ ದಾಟಿತು ಅಂತ ಎಲ್ಲರಿಗೂ ಕಾಣುತ್ತದೆ. ಕಣ್ಣಿಗೆ ತಿಳಿಯದಿದ್ದರೆ ಟೈಮರ್ ಹೇಳುತ್ತದೆ. ತಲೆನೋವು ಇರುವುದು ಇನ್ನೊಂದು ಕಡೆ. ಓಟಕ್ಕೆ ಮೊದಲು ಕಾರುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಎರಡು ಮೂರು ಜನರ ಕೈಗೆ ಕಾಗದ, ಪೆನ್ನು ಕೊಟ್ಟು, ‘ವಿನ್ಯಾಸದ ಬಹುಮಾನ ಯಾವುದಕ್ಕೆ, ನೀವೇ ಹೇಳಿ’ ಅನ್ನುತ್ತಾರೆ. ಆ ತೀರ್ಪುಗಾರರ ಪಾಡಿನ ಬಗ್ಗೆ ಇವತ್ತು ನಾಲ್ಕು ಮಾತು.

ಇಂಥ ಓಟಗಳಲ್ಲಿ ತುಂಬ ಹೆಸರಾದದ್ದು ಅಮೆರಿಕದ ಪೈನ್‌ವುಡ್ ಡರ್ಬಿ. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಅನ್ನುವವರು ಇದನ್ನು ಶುರು ಮಾಡಿದರು. ಅವರು ಅಲ್ಲಿನ ಕಬ್ ಸ್ಕೌಟ್, ಅಂದರೆ ಚಿಕ್ಕ ಮಕ್ಕಳ ಸ್ಕೌಟ್ ತಂಡವೊಂದನ್ನು ನಡೆಸುತ್ತಿದ್ದರು. ಒಳಗೆ ಕೂತು ಓಡಿಸುವ ಸೋಪ್ ಬಾಕ್ಸ್ ಡರ್ಬಿಗೆ ಅವರ ಮಗನ ವಯಸ್ಸು ಸಾಲದು. ಸರಿ, ಅಂಗೈ ಮೇಲೆ ನಿಲ್ಲುವ ಕಾರಿನ ಓಟವೇ ಆಗಲಿ ಅಂದುಕೊಂಡರು. ಒಂದು ಪೈನ್ ಮರದ ತುಂಡು, ನಾಲ್ಕು ಚಕ್ರ, ಅಚ್ಚಿಗೆ ಮೊಳೆ. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಿನಲ್ಲಿ ಬಿಟ್ಟರೆ ತಾನೇ ಉರುಳಿ ಬರಬೇಕು. ಅಪ್ಪ, ಮಗ ಜೊತೆಗೆ ಕೂತು ಮಾಡಲಿ ಅನ್ನುವುದೂ ಮರ್ಫಿ ಅವರ ಆಸೆಯಾಗಿತ್ತು. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಕಾರಿನ ತೂಕ 5 ಔನ್ಸ್ ಮೀರಬಾರದು. ಅಂದರೆ ಸುಮಾರು 142 ಗ್ರಾಂ. ಉದ್ದ 7 ಇಂಚು. ತೂಕ ಮಿತಿಯ ಹತ್ತಿರ ಬರಬೇಕು, ಅದರಲ್ಲೂ ಹಿಂಭಾಗದಲ್ಲಿ ಜಾಸ್ತಿ ಇರಬೇಕು. ಯಾಕೆಂದರೆ ಇಳಿಜಾರಿನಲ್ಲಿ ನಿಂತಾಗ ಹಿಂಭಾಗವೇ ಮೇಲೆ ಇರುತ್ತದೆ, ಅಲ್ಲಿನ ತೂಕ ಹೆಚ್ಚು ಎತ್ತರದಿಂದ ಇಳಿಯುತ್ತದೆ. ಮೊಳೆ ನುಣುಪಾಗಿರಬೇಕು, ಒಂದು ಚಿಟಿಕೆ ಗ್ರಾಫೈಟ್ ಪುಡಿ ಹಾಕಬೇಕು, ಚಕ್ರ ನೇರವಾಗಿ ಉರುಳಬೇಕು. ವೇಗದ ಗುಟ್ಟು ಬಹುಪಾಲು ಇಷ್ಟೇ. ಗಾಳಿಯ ತಡೆಯೂ ಸ್ವಲ್ಪ ಇದೆ. ಅದಕ್ಕೇ ಗೆಲ್ಲಲೇಬೇಕು ಅನ್ನುವವರು ಮರವನ್ನು ಬೆಣೆಯ ಆಕಾರಕ್ಕೆ ತೆಳ್ಳಗೆ ಕೊಯ್ದುಬಿಡುತ್ತಾರೆ. ವಿನ್ಯಾಸಕ್ಕೆ ಅಂತ ಬೇರೆ ಬಹುಮಾನ ಇಲ್ಲದಿದ್ದರೆ ಮೇಜಿನ ತುಂಬ ಬೆಣೆಗಳೇ. ಮೊಸಳೆ ಕಾರು, ಪೆನ್ಸಿಲ್ ಕಾರು, ಸ್ನಾನದ ತೊಟ್ಟಿ ಕಾರು ಯಾರು ಮಾಡುತ್ತಾರೆ ಹೇಳಿ?

ಈಗ ಮೇಜಿನ ಹತ್ತಿರ ಬನ್ನಿ. ಒಂದು ಕೆಂಪು ಕಾರಿದೆ. ಮುಖ ಕಾಣುವಷ್ಟು ಹೊಳಪು. ಪಕ್ಕದಲ್ಲಿ ಒಂದು ಹಸಿರು ಮೊಸಳೆ. ಬಣ್ಣದಲ್ಲಿ ಬ್ರಷ್ಷಿನ ಎರಡು ಕೂದಲು ಅಂಟಿಕೊಂಡಿವೆ. ಬಾಲದ ಹತ್ತಿರ ಬೆರಳಿನ ಗುರುತು. ಒಂದು ಕಡೆಯ ಹಲ್ಲು ದೊಡ್ಡದು, ಇನ್ನೊಂದು ಕಡೆಯದು ಚಿಕ್ಕದು. ಕೆಂಪು ಕಾರು ಅಪ್ಪನದು, ಮೊಸಳೆ ಮಗುವಿನದು ಅಂತ ತಕ್ಷಣ ತೀರ್ಮಾನ ಮಾಡಿಬಿಡಬಹುದು, ಅಲ್ವಾ?

ನನಗೆ ಅದು ಸರಿ ಅನ್ನಿಸುವುದಿಲ್ಲ. ಎಂಟು ವರ್ಷದ ಮಗುವಿನ ಕೈಗೆ ಗರಗಸ ಕೊಟ್ಟು ದೊಡ್ಡವರು ದೂರ ನಿಲ್ಲುವ ಹಾಗಿಲ್ಲ. ಕೊಯ್ಯುವುದು ದೊಡ್ಡವರೇ ಆಗಿರಲಿ. ಓಟ ಹುಟ್ಟಿದ್ದೇ ಇಬ್ಬರೂ ಸೇರಿ ಮಾಡಲಿ ಅಂತ. ಒರಟಾಗಿದ್ದ ಮಾತ್ರಕ್ಕೆ ಅದು ಮಗುವಿನ ಕಾರು ಅನ್ನುವುದೂ ತಪ್ಪು. ಅಚ್ಚುಕಟ್ಟಾಗಿ ಸ್ಯಾಂಡ್‌ಪೇಪರ್ ಉಜ್ಜುವ ಮಕ್ಕಳೂ ಇದ್ದಾರೆ. ತೀರ್ಪುಗಾರ ಹುಡುಕಬೇಕಾದದ್ದು ಯಾರ ಕೈ ಅಂತಲ್ಲ, ಯಾರ ತೀರ್ಮಾನ ಅಂತ.

ಅದಕ್ಕೆ ಮಗುವನ್ನೇ ಮಾತಾಡಿಸಬೇಕು. ‘ಇದನ್ನು ನೀನೇ ಮಾಡಿದ್ದಾ?’ ಅಂತ ಮಾತ್ರ ಕೇಳಬಾರದು. ಅದು ಪೊಲೀಸರ ಪ್ರಶ್ನೆ, ಮಗು ಅಪ್ಪನ ಮುಖ ನೋಡುತ್ತದೆ. ಕಾರಿನ ಬಗ್ಗೆ ಕೇಳಿ. ಓಟ ಶುರುವಾಗುವ ಕಡೆ ಕಾರನ್ನು ತಡೆದು ನಿಲ್ಲಿಸಲು ಒಂದು ಚಿಕ್ಕ ಗೂಟ ಇರುತ್ತದೆ. ಕಾರಿನ ಮೂತಿ ಅದಕ್ಕೆ ಒರಗಿಕೊಂಡಿರುತ್ತದೆ. ‘ನಿನ್ನ ಮೊಸಳೆ ಬಾಯಿ ತೆರೆದಿದೆಯಲ್ಲ, ಗೂಟಕ್ಕೆ ತಾಗುವುದು ಯಾವುದು?’ ಅಂತ ಕೇಳಿ. ‘ಕೆಳದವಡೆ. ಅದಕ್ಕೇ ಅದನ್ನ ಉದ್ದ ಬಿಟ್ಟಿದ್ದು’ ಅಂತ ಥಟ್ಟನೆ ಉತ್ತರ ಬಂದರೆ ಸಾಕು. ಗರಗಸ ಯಾರೇ ಹಿಡಿದಿರಲಿ, ವಿನ್ಯಾಸ ಆ ಮಗುವಿನದು. ಕೆಂಪು ಕಾರಿನ ಹುಡುಗಿಯೂ ‘ಮೂರು ಸಲ ಬಣ್ಣ ಹಚ್ಚಿದ್ವಿ, ಪ್ರತಿ ಸಲ ಒಣಗಿದ ಮೇಲೆ ನಾನೇ ಉಜ್ಜಿದೆ’ ಅಂದಾಳು. ಆಗ ಹೊಳಪಿಗೂ ಅಂಕ ಹಾಕಿ, ಸಂಕೋಚ ಬೇಡ.

ಹಾಂ, ಕಾರನ್ನು ನೀವು ಎತ್ತಬೇಡಿ. ಚಕ್ರ ಒಂಚೂರು ಸೊಟ್ಟಗಾದರೂ ಓಟ ಕೆಡುತ್ತದೆ. ಅಡಿಭಾಗ ನೋಡಬೇಕಿದ್ದರೆ ಮಗುವೇ ತಿರುಗಿಸಿ ತೋರಿಸಲಿ. ಅಂಕದ ಹಾಳೆಯನ್ನು ಓಟಕ್ಕೆ ಮೊದಲೇ ಮುಗಿಸಿ ಕೊಟ್ಟುಬಿಡಿ. ಗೆದ್ದ ಕಾರು ಆಮೇಲೆ ಇನ್ನೂ ಚೆಂದ ಕಾಣುತ್ತದೆ, ಅದು ಮನುಷ್ಯ ಸ್ವಭಾವ. ನಿಮ್ಮ ಮನೆಯ ಮಗು ಓಟದಲ್ಲಿದ್ದರೆ ಪೆನ್ನನ್ನು ಬೇರೆಯವರಿಗೆ ಕೊಡಿ.

ಎಲ್ಲರಿಗೂ ಒಂದೊಂದು ಬಹುಮಾನ ಕೊಡುವ ರೂಢಿಯೂ ಕೆಲವು ಕಡೆ ಇದೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಸುಮ್ನೆ ‘ವಿಶೇಷ ಬಹುಮಾನ’ ಅಂತ ಬರೆದರೆ ಮಕ್ಕಳಿಗೆ ಗೊತ್ತಾಗುತ್ತದೆ. ‘ಗೂಟಕ್ಕೂ ಹೆದರದ ಮೊಸಳೆ’ ಅಂತ ಬರೆಯಿರಿ. ಕಾರನ್ನು ಯಾರೋ ನಿಜವಾಗಿ ನೋಡಿದ್ದಾರೆ ಅಂತ ಆ ಮಗುವಿಗೆ ತಿಳಿಯುತ್ತದೆ.

ಇನ್ನು ಕೈ ತುರಿಸುವ ಅಪ್ಪ ಅಮ್ಮಂದಿರಿಗೆ ಅಂತಲೇ ಬೇರೆ ಓಟ ಇಡುವವರಿದ್ದಾರೆ. ಒಳ್ಳೆಯ ಉಪಾಯ. ಅಲ್ಲಿ ವಿನ್ಯಾಸಕ್ಕೆ ಅಂಕ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಗೂಟದ ಪ್ರಶ್ನೆ ಕೇಳುವುದಕ್ಕೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮಸ್ಕಾರ.